ಪದಚರ್ಚೆ: ಕಡಲನೀರಿನ ತೊಟ್ಟಿ ‘ಮಾಗಿತು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಮೊದಲ ಸಲ ಒಂದು ಚಿಕ್ಕ ಕಡಲನೀರಿನ ಅಕ್ವೇರಿಯಂ ಇಟ್ಟಿದ್ದೇನೆ. 60 ಲೀಟರಿನದು. ನಾನು ಊರಲ್ಲಿಲ್ಲದಾಗ ಮನೆಯವರು ನೋಡಿಕೊಳ್ಳಲಿ ಅಂತ ಒಂದು ಹಾಳೆಯಲ್ಲಿ ಸೂಚನೆಗಳನ್ನು ಕನ್ನಡದಲ್ಲಿ ಬರೆದು ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಬರೆಯುವಾಗ ಮೂರ್ನಾಲ್ಕು ಪದಗಳು ಕೈಕೊಟ್ಟವು. ಅದರಲ್ಲಿ ಒಂದಂತೂ ತುಂಬಾ ಕಾಡುತ್ತಿದೆ. ಬಲ್ಲವರು ದಯವಿಟ್ಟು ತಿಳಿಸಿ.

ಆ ಪದ ‘ಸೈಕಲ್’. ಈ ಹವ್ಯಾಸ ಇರುವವರೆಲ್ಲ ‘ಟ್ಯಾಂಕ್ ಸೈಕಲ್ ಆಯ್ತಾ?’, ‘ಸೈಕಲ್ ಆಗೋ ತನಕ ಮೀನು ಬಿಡಬೇಡಿ’ ಅಂತಾರೆ. ಇದನ್ನೇ ಹಾಳೆಯಲ್ಲಿ ಬರೆದು ಅಮ್ಮನಿಗೆ ಓದಿ ಹೇಳಿದೆ. ‘ಮೀನಿಗೂ ಸೈಕಲ್ಲಿಗೂ ಏನು ಸಂಬಂಧ?’ ಅಂದರು. ಅವರ ಪ್ರಶ್ನೆ ಸರಿಯಾಗಿಯೇ ಇದೆ. ಕನ್ನಡದಲ್ಲಿ ಸೈಕಲ್ ಅಂದರೆ ಎರಡು ಗಾಲಿಯದ್ದೇ ಅಲ್ವಾ?

ವಿಷಯ ಇಷ್ಟು. ಹೊಸ ತೊಟ್ಟಿಗೆ ನೀರು, ಮರಳು, ಕಲ್ಲು ಹಾಕಿದ ದಿನ ನೋಡಲು ಎಲ್ಲ ಸಿದ್ಧವಾದಂತೆ ಕಾಣುತ್ತದೆ. ಮೀನು ಬಾಳುವಂತೆ ಮಾತ್ರ ಇನ್ನೂ ಆಗಿರುವುದಿಲ್ಲ. ಮೀನಿನ ಹೊಲಸಿನಿಂದ, ತಿಂದು ಬಿಟ್ಟದ್ದು ಕೊಳೆತು, ಅಮೋನಿಯ ಹುಟ್ಟುತ್ತದೆ. ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟಿನ ಕಾಟ ಕಡಿಮೆ. ಈ ಬ್ಯಾಕ್ಟೀರಿಯಾ ಕಲ್ಲಿನ ಸಂದಿಯಲ್ಲಿ, ಮರಳಿನಲ್ಲಿ ಬೀಡುಬಿಟ್ಟು ಸಾಕಷ್ಟು ಹೆಚ್ಚಬೇಕು. ಅದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು.

ನಾನು ದಿನ ಬಿಟ್ಟು ದಿನ ಗಾಜಿನ ಕೊಳವೆಯಲ್ಲಿ ನೀರು ಹಿಡಿದು, ಹನಿ ಹಾಕಿ ಬಣ್ಣ ನೋಡುತ್ತಿದ್ದೆ. ನನ್ನ ಕಿಟ್‌ನಲ್ಲಿ ಅಮೋನಿಯ ಇದ್ದರೆ ಹಸಿರು, ಇಲ್ಲದಿದ್ದರೆ ಹಳದಿ. ಮೊದಲೆರಡು ವಾರ ಕೊಳವೆ ಎಲೆಯ ಹಾಗೆ ಹಸಿರು. ಮೂರನೇ ವಾರ ಅದು ಹಳದಿಗೆ ತಿರುಗಿತು, ಅಷ್ಟರಲ್ಲಿ ನೈಟ್ರೈಟಿನ ಕೊಳವೆ ಗಾಢ ನೇರಳೆಯಾಗಿತ್ತು. ಐದನೇ ವಾರದ ಕೊನೆಗೆ ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಮಾತ್ರ ಉಳಿದಿತ್ತು. ಆ ಬೆಳಗ್ಗೆ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಬಾಯಿಗೆ ತಾನಾಗಿ ಬಂದ ಮಾತು: ‘ಮಾಗಿತು.’

ಅದಕ್ಕೆ ಮುಂಚೆ ಬೇರೆ ಪದಗಳನ್ನೂ ಯೋಚಿಸಿದ್ದೆ. ಪಠ್ಯಪುಸ್ತಕದ ‘ಸಾರಜನಕ ಚಕ್ರ’ ಇದೆ. ಆದರೆ ಚಕ್ರ ಅಂದರೆ ಸುತ್ತಿ ಬಂದು ಹೊರಟಲ್ಲಿಗೇ ಸೇರಬೇಕು. ಚಿಕ್ಕ ತೊಟ್ಟಿಯಲ್ಲಿ ಹೆಚ್ಚಿನಂಶ ನೈಟ್ರೇಟಿಗೇ ನಿಂತುಬಿಡುತ್ತದೆ, ಅದನ್ನು ನಾವೇ ನೀರು ಬದಲಿಸಿ ಹೊರಹಾಕಬೇಕು. ಹಾಗಾಗಿ ಚಕ್ರ ಅಂದರೆ ಅರ್ಧ ಸುಳ್ಳು ಹೇಳಿದಂತೆ. ‘ಹದಗೊಳಿಸು’ ಚೆನ್ನಾಗಿದೆ, ಆದರೆ ಅದರಲ್ಲಿ ನಮ್ಮ ಕೈಕೆಲಸ ಜಾಸ್ತಿ ಕಾಣುತ್ತದೆ. ‘ಪಳಗಿಸು’ ಅಂದರೆ ಆನೆಯ ನೆನಪಾಗುತ್ತದೆ.

ಮಾಗುವುದರಲ್ಲಿ ಕಾಯುವುದಿದೆ. ಹಣ್ಣು ಮಾಗುತ್ತದೆ, ಗಾಯ ಮಾಗುತ್ತದೆ, ಮನಸ್ಸೂ ಮಾಗುತ್ತದೆ. ಒಳಗೊಳಗೇ ಏನೋ ನಡೆಯುತ್ತಿರುತ್ತದೆ, ಹೊರಗಿನಿಂದ ಅವಸರ ಮಾಡಿದರೆ ಕೆಡುತ್ತದೆ. ತೊಟ್ಟಿಯಲ್ಲಿ ಆಗುವುದೂ ಇದೇ. ‘ಮಾಗದ ತೊಟ್ಟಿಗೆ ಮೀನು ಬಿಡಬೇಡಿ’ ಅಂತ ಬರೆದರೆ ಮಗುವಿಗೂ ಅರ್ಥವಾಗುತ್ತದೆ ಅಂತ ನನ್ನ ನಂಬಿಕೆ. ನಿಮ್ಮ ಕಡೆ ಮಾಗು ಅಂದರೆ ಬರೀ ಹಣ್ಣಿಗೆ ಅಂತಲೇ ಕೇಳಿಸುತ್ತದಾ?

ಎರಡನೆಯದು ‘ಉಪ್ಪುನೀರು’. ಎಲ್ಲರೂ ಉಪ್ಪುನೀರಿನ ಅಕ್ವೇರಿಯಂ ಅಂತಲೇ ಅನ್ನುತ್ತಾರೆ. ಆದರೆ ನಾವು ಗಡಸು ನೀರಿನ ಬಾವಿಗೂ ‘ನೀರು ಉಪ್ಪು’ ಅಂತೀವಿ. ಇನ್ನು ಕೆಲವರು ಅಡುಗೆಮನೆಯ ಉಪ್ಪು ಕರಗಿಸಿದರೆ ಸಾಕು ಅಂದುಕೊಳ್ಳುತ್ತಾರೆ. ಅದು ಸಾಲದು. ಕಡಲನೀರಿನಲ್ಲಿ ಕರಗಿರುವ ಲವಣಗಳಲ್ಲಿ ನೂರಕ್ಕೆ ಸುಮಾರು 85 ಪಾಲು ಅಡುಗೆ ಉಪ್ಪಿನದೇ ನಿಜ. ಉಳಿದ ಪಾಲಿನಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಷಿಯಂ, ಸಲ್ಫೇಟ್ ಎಲ್ಲ ಇವೆ. ಅವಿಲ್ಲದೆ ಹವಳ ಬೆಳೆಯುವುದಿಲ್ಲ. ಅದಕ್ಕೇ ಅಕ್ವೇರಿಯಮ್ಮಿಗೆಂದೇ ಮಾಡಿದ ಲವಣದ ಪುಡಿಯನ್ನು ಶುದ್ಧೀಕರಿಸಿದ ನೀರಿನಲ್ಲಿ ಕಲಸುತ್ತೇವೆ. ‘ಸವಳು ನೀರು’ ಅಂತಲೂ ಯೋಚಿಸಿದೆ, ಆದರೆ ಸವಳು ಅಂದರೆ ಕೆಟ್ಟ ನೆಲ, ಕೆಟ್ಟ ನೀರು ಅನ್ನುವ ಭಾವ ಬರುತ್ತದೆ. ನಾನು ‘ಕಡಲನೀರು’ ಅಂತಲೇ ಬರೆಯುತ್ತಿದ್ದೇನೆ. ಉಪ್ಪನ್ನು ಅಳೆಯುವ ಮಾತಿಗೆ ‘ಉಪ್ಪಿನಂಶ’ ಸಾಕು ಅನ್ನಿಸಿತು.

ಮೂರನೆಯದರಿಂದ ನಿಜವಾಗಲೂ ತೊಂದರೆಯಾಯಿತು. ನನ್ನ ಹಾಳೆಯಲ್ಲಿ ‘ನೀರು ಕಡಿಮೆಯಾದರೆ ತುಂಬಿಸಿ’ ಅಂತ ಬರೆದಿದ್ದೆ. ಒಂದು ವಾರ ಊರಲ್ಲಿರಲಿಲ್ಲ. ದಿನಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ಆವಿಯಾಗುತ್ತಿತ್ತು. ತಮ್ಮ ಪಾಪ, ಪಕ್ಕದಲ್ಲೇ ಕಲಸಿಟ್ಟಿದ್ದ ಕಡಲನೀರನ್ನು ದಿನಾ ತುಂಬಿಸಿದ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಅದಕ್ಕೆ ಮತ್ತೆ ಉಪ್ಪು ಸೇರಿತು. ನೀರಿನ ಸಾಂದ್ರತೆಯ ಅಳತೆ (ಉಪ್ಪು ಹೆಚ್ಚಿದಷ್ಟೂ ಏರುತ್ತದೆ) 1.025 ಇದ್ದದ್ದು, ನಾನು ಬಂದು ನೋಡಿದಾಗ 1.028. ಗಾಜಿನ ಅಂಚಿನಲ್ಲಿ ಬೆಳ್ಳಗೆ ಉಪ್ಪಿನ ಹಕ್ಕಳೆ ಎದ್ದಿತ್ತು. ಆಗ ಮೀನು ಬಿಟ್ಟಿರಲಿಲ್ಲ, ನಾಲ್ಕು ಬಸವನಹುಳು ಇದ್ದವು. ನಾಲ್ಕೂ ಬಾಯಿ ಬಿಗಿಯಾಗಿ ಮುಚ್ಚಿಕೊಂಡು ಮರಳಿನ ಮೇಲೆ ಬಿದ್ದಿದ್ದವು. ಒಂದೇ ಸಲ ಸರಿಮಾಡಿದರೆ ಅವಕ್ಕೆ ಇನ್ನೂ ಕಷ್ಟ. ಮೂರು ದಿನ ಸ್ವಲ್ಪ ಸ್ವಲ್ಪವೇ ಕಡಲನೀರು ತೆಗೆದು, ಅಷ್ಟೇ ಸಿಹಿನೀರು ಸೇರಿಸುತ್ತಾ ಬಂದೆ. ಮೂರನೇ ದಿನ ರಾತ್ರಿ ಒಂದು ಗಾಜು ಹತ್ತುತ್ತಿರುವುದನ್ನು ಕಂಡಾಗ ಆದ ಸಮಾಧಾನ ಅಷ್ಟಿಷ್ಟಲ್ಲ.

ತಪ್ಪು ತಮ್ಮನದಲ್ಲ, ನಾನು ಬರೆದ ಪದದ್ದು. ಕೊಳಕು ನೀರು ತೆಗೆದು ಹೊಸ ಕಡಲನೀರು ಹಾಕುವುದು ಒಂದು ಕೆಲಸ. ಆವಿಯಾದಷ್ಟು ಸಿಹಿನೀರು ಹಾಕುವುದು ಬೇರೆಯೇ ಕೆಲಸ. ಎರಡಕ್ಕೂ ‘ನೀರು ಹಾಕು’ ಅಂದರೆ ಹೀಗಾಗುತ್ತದೆ. ಮೊದಲನೆಯದಕ್ಕೆ ‘ನೀರು ಬದಲಿಸು’ ಸರಿಹೋಗುತ್ತದೆ. ಎರಡನೆಯದಕ್ಕೆ ಈಗ ‘ಬತ್ತಿದಷ್ಟು ಸಿಹಿನೀರು ಹಾಕಿ’ ಅಂತ ತಿದ್ದಿದ್ದೇನೆ. ಇಂಗು ಅನ್ನಲು ಮನಸ್ಸು ಬರಲಿಲ್ಲ, ಇಂಗುವುದು ನೆಲದೊಳಕ್ಕೆ. ಬತ್ತು ಅನ್ನುವುದು ಕೆರೆಗೆ ಹೊಂದುವಷ್ಟು ಗಾಜಿನ ತೊಟ್ಟಿಗೂ ಹೊಂದುತ್ತದಾ? ಇದಕ್ಕೆ ಒಂದೇ ಪದ ಇದ್ದರೆ ಹೇಳಿ.

ಬ್ಯಾಕ್ಟೀರಿಯಾ, ಪುಟ್ಟ ಹುಳುಗಳು ನೆಲೆಸಿರುವ ಹವಳದ ಕಲ್ಲಿಗೆ ‘ಲೈವ್ ರಾಕ್’ ಅಂತಾರೆ. ‘ಜೀವಂತ ಕಲ್ಲು’ ಅಂದರೆ ಕಲ್ಲಿಗೇ ಜೀವ ಬಂದಂತೆ. ವೀರಗಲ್ಲು, ಮೈಲಿಗಲ್ಲು ಇದ್ದಂತೆ ‘ಜೀವಗಲ್ಲು’ ಮಾಡಿದೆ. ಆದರೆ ಅಮ್ಮನಿಗೆ ಅದು ಗಲ್ಲುಶಿಕ್ಷೆಯ ಹಾಗೆ ಕೇಳಿಸಿತು. ‘ಜೀವದ ಕಲ್ಲು’ ಅಂತ ಬಿಡಿಸಿ ಬರೆಯುವುದೇ ವಾಸಿ ಅನ್ನಿಸುತ್ತಿದೆ.

ಕೊನೆಗೆ ಮತ್ತೆ ಮಾಗುವ ಮಾತಿಗೇ ಬರುತ್ತೇನೆ. ಅಮೋನಿಯ ಸೊನ್ನೆಗೆ ಬಂದು ನೈಟ್ರೈಟ್ ಇನ್ನೂ ಏರಿರುವ ಆ ನಡುವಿನ ದಿನಗಳಿವೆಯಲ್ಲ, ಹೊಸಬರು ‘ಆಯ್ತು’ ಅಂತ ಅವಸರ ಮಾಡುವುದು ಆಗಲೇ. ಆ ಸ್ಥಿತಿಗೊಂದು ಪದ ಇದ್ದರೆ ಹಾಳೆಯಲ್ಲಿ ದೊಡ್ಡದಾಗಿ ಬರೆಯಬಹುದು. ಪೂರ್ತಿ ಹಣ್ಣಾಗದ್ದಕ್ಕೆ ದೋರೆಗಾಯಿ ಅಂತೀವಲ್ಲ, ಹಾಗೆ ‘ತೊಟ್ಟಿ ಇನ್ನೂ ದೋರೆ’ ಅಂದರೆ ನಿಮ್ಮ ಕಿವಿಗೆ ಹಿಡಿಸುತ್ತದಾ?