ಮಗ್ಗಲು ಬದಲಿಸಿದರೆ ತಲೆಸುತ್ತು: ಕುತ್ತಿಗೆ ಸರಿ ಮಾಡಿಸಬೇಕಾ?

ಡೊಂಬಿವಲಿಯಿಂದ ಪ್ರಶ್ನೆ: ಎರಡು ತಿಂಗಳಿಂದ ಬಲ ಮಗ್ಗಲಿಗೆ ಹೊರಳಿದರೆ ಸಾಕು, ಕೋಣೆಯೇ ಗಿರಗಿರ ತಿರುಗುತ್ತದೆ. ಕುತ್ತಿಗೆಯ ಮೇಲಿನ ಮೂಳೆ ಜಾಗ ತಪ್ಪಿದೆ, ಅದನ್ನು ಕೂರಿಸಿದರೆ ಸುತ್ತಿನ ಜೊತೆ ಕಿವಿಯ ತೊಂದರೆಯೂ ಹೋಗುತ್ತದೆ ಎನ್ನುತ್ತಾರೆ ಪಕ್ಕದ ಬಿಲ್ಡಿಂಗಿನವರು. ಯಾರಾದರೂ ಮಾಡಿಸಿದ್ದೀರಾ?

ಮುಲುಂಡ್‌ನಿಂದ: ಅಕ್ಕಾ, ದಯವಿಟ್ಟು ಈಗಲೇ ಯಾರ ಕೈಗೂ ಕುತ್ತಿಗೆ ಕೊಡಬೇಡಿ. ನನಗೂ ಹೀಗೇ ಆಗಿತ್ತು. ಮೇಲಿನ ಶೆಲ್ಫಿನಿಂದ ಡಬ್ಬಿ ತೆಗೆಯಲು ತಲೆ ಎತ್ತಿದರೆ, ಸ್ಟೇಷನ್ನಿನಲ್ಲಿ ಇಂಡಿಕೇಟರ್ ನೋಡಿದರೆ ಸುತ್ತು ಶುರು. ಒಬ್ಬ ಡಾಕ್ಟರು ಎಕ್ಸ್‌ರೇ ನೋಡಿ ಸ್ಪಾಂಡಿಲೋಸಿಸ್, ಅಂದರೆ ಕುತ್ತಿಗೆ ಮೂಳೆಯ ಸವೆತ, ಅಂದರು. ಮೂರು ತಿಂಗಳು ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಲೋಕಲ್‌ನಲ್ಲಿ ಓಡಾಡಿದೆ. ಸುತ್ತು ಹಾಗೇ ಇತ್ತು.

ಕೊನೆಗೆ ಕಿವಿ-ಮೂಗು-ಗಂಟಲಿನ ಡಾಕ್ಟರೊಬ್ಬರು ನನ್ನ ತಲೆಯನ್ನು ಒಂದು ಕಡೆ ತಿರುಗಿಸಿ, ಥಟ್ಟನೆ ಹಿಂದಕ್ಕೆ ಮಲಗಿಸಿ, ಕಣ್ಣನ್ನೇ ನೋಡುತ್ತಾ ನಿಂತರು. ಕಣ್ಣುಗುಡ್ಡೆ ತಾನಾಗಿಯೇ ಅದುರುತ್ತಿತ್ತಂತೆ. ಬಿಪಿಪಿವಿ ಅಂದರು, ಅಂದರೆ ತಲೆಯ ಭಂಗಿ ಬದಲಾದಾಗ ಬರುವ ಸುತ್ತು. ಒಳಗಿವಿಯಲ್ಲಿ ಸುಣ್ಣದ ಸಣ್ಣ ಸಣ್ಣ ಹರಳುಗಳಿರುತ್ತವೆ. ಅವು ಜಾಗ ಬಿಟ್ಟು ಪಕ್ಕದ ಬಾಗಿದ ಕೊಳವೆಗೆ ಜಾರಿದರೆ, ತಲೆ ಅಲುಗಿದಾಗ ಮಿದುಳಿಗೆ ತಪ್ಪು ಸುದ್ದಿ ಹೋಗುತ್ತದೆ. ಸುತ್ತು ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುತ್ತದೆ. ನಿಮ್ಮದೂ ಹಾಗೇನಾ, ಗಡಿಯಾರ ನೋಡಿಕೊಳ್ಳಿ. ಚಿಕಿತ್ಸೆಗೆ ಎಪ್ಲಿ ವಿಧಾನ ಎನ್ನುತ್ತಾರೆ. ಅಮೆರಿಕದ ಡಾಕ್ಟರ್ ಜಾನ್ ಎಪ್ಲಿ 1992ರಲ್ಲಿ ಅದರ ಬಗ್ಗೆ ಬರೆದರು. ತಲೆಯನ್ನು 45 ಡಿಗ್ರಿ ತಿರುಗಿಸಿ ಮಲಗಿಸುತ್ತಾರೆ. ಆಮೇಲೆ ಇನ್ನೊಂದು ಕಡೆಗೆ ತಿರುಗಿಸಿ, ಮೈಸಮೇತ ಹೊರಳಿಸಿ, ಎಬ್ಬಿಸಿ ಕೂರಿಸುತ್ತಾರೆ. ಹರಳು ಕೊಳವೆಯಿಂದ ಆಚೆ ಬೀಳುತ್ತದೆ. ನನಗೆ ಎರಡು ಸಲಕ್ಕೇ ಸುತ್ತು ನಿಂತಿತು.

ಹಾಗಂತ ಕುತ್ತಿಗೆ ನೋವು ಸುಳ್ಳಲ್ಲ. ಸುತ್ತು ಬಂದೀತು ಎಂಬ ಭಯಕ್ಕೆ ಭುಜ ಬಿಗಿಹಿಡಿದು, ತಲೆ ಅಲುಗಿಸದೆ ತಿಂಗಳುಗಟ್ಟಲೆ ನಡೆದರೆ ಕುತ್ತಿಗೆ ಸೆಟೆಯದೆ ಇರುತ್ತಾ? ಸಮತೋಲಕ್ಕಾಗಿ ಮಿದುಳು ಕಿವಿಯನ್ನಷ್ಟೇ ಅಲ್ಲ, ಕಣ್ಣು, ಕುತ್ತಿಗೆ, ಪಾದಗಳನ್ನೂ ನಂಬಿರುತ್ತದೆ. ಅದಕ್ಕೇ ಆಮೇಲೆ ಫಿಸಿಯೋಥೆರಪಿ ನನಗೆ ತುಂಬಾ ನೆರವಾಯಿತು. ಆದರೆ ಜೋರಾಗಿ ನೆಟಿಗೆ ತೆಗೆಸುವುದು ಬೇಡವೇ ಬೇಡ. ಅಪರೂಪಕ್ಕೆ ಮಿದುಳಿಗೆ ಹೋಗುವ ರಕ್ತನಾಳ ಹರಿದು ಸ್ಟ್ರೋಕ್ ಆದದ್ದುಂಟು.

ಪುಣೆಯಿಂದ: ನಮ್ಮ ಅಮ್ಮನದು ಬೇರೆ, ಮೆನಿಯರ್ ಎಂಬ ಒಳಗಿವಿಯ ಕಾಯಿಲೆ. ಸುತ್ತು ಗಂಟೆಗಟ್ಟಲೆ. ಒಂದು ಕಿವಿ ಕಟ್ಟಿದ ಹಾಗೆ, ಗುಂಯ್ ಅನ್ನುವ ಸದ್ದು, ಕೇಳಿಸುವುದೂ ಕಡಿಮೆ. ಡಾಕ್ಟರು ಉಪ್ಪು ಇಳಿಸಲು ಹೇಳಿದರು. ಉಪ್ಪಿನಕಾಯಿ, ಹಪ್ಪಳ ಬಿಡಿಸುವುದೇ ದೊಡ್ಡ ಕೆಲಸವಾಯಿತು. ಕುತ್ತಿಗೆ ಮೂಳೆ ಸರಿಮಾಡಿಸಿ ಮೆನಿಯರ್ ಹೋಯಿತು ಎನ್ನುವವರಿದ್ದಾರೆ. ಆದರೆ ಈ ಕಾಯಿಲೆ ತಾನಾಗಿಯೇ ತಿಂಗಳುಗಟ್ಟಲೆ ಸುಮ್ಮನಿದ್ದು ಮತ್ತೆ ಬರುತ್ತದೆ. ಯಾವುದರಿಂದ ಕಡಿಮೆಯಾಯಿತು ಎಂದು ಹೇಗೆ ಹೇಳುವುದು, ಅಲ್ವಾ?

ಮಡಗಾಂವ್‌ನಿಂದ: ಮಾತು ತೊದಲಿದರೆ, ಎರಡೆರಡು ಕಂಡರೆ, ಕೈಕಾಲು ಸೋತರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಸುತ್ತಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಮುಂಚೆಯೇ ಡಾಕ್ಟರಿಗೆ ಹೇಳಿ. ಕೆಲವು ಮಾತ್ರೆಗಳಿಂದ ಕಣ್ಣಿನ ಅದುರು ಸರಿಯಾಗಿ ಕಾಣಿಸುವುದಿಲ್ಲ. ಪರೀಕ್ಷೆಯ ದಿನ ಒಬ್ಬರೇ ಲೋಕಲ್ ಹತ್ತಬೇಡಿ ಅಕ್ಕಾ. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ.