ಸೆಕೆಂಡ್‌ಹ್ಯಾಂಡ್ ಮಿನಿ ಟ್ರ್ಯಾಕ್ಟರ್: ಮೆಕ್ಯಾನಿಕ್ ಅಣ್ಣನಲ್ಲಿ ಕೇಳಿ

ಅಡ್ಮಿನ್: ಹಳೆಯ ಮಿನಿ ಟ್ರ್ಯಾಕ್ಟರ್ ಬಗ್ಗೆ ಗುಂಪಿನಲ್ಲಿ ತುಂಬ ಮಂದಿ ಕೇಳ್ತಾ ಇದ್ದೀರಿ. ಇವತ್ತು ಸಂಜೆ 7ರಿಂದ ಮೆಕ್ಯಾನಿಕ್ ಅಣ್ಣ ಉತ್ತರ ಕೊಡ್ತಾರೆ. ಹೆಸರಿನ ಬದಲು ಊರು ಹಾಕಿ ಕೇಳಿ. ಫಾರ್ವರ್ಡ್ ಮೆಸೇಜ್ ಬೇಡ.

ಬದಿಯಡ್ಕ: ಅಣ್ಣ, ಅಡಿಕೆ ತೋಟಕ್ಕೆ 18ರಿಂದ 24 ಎಚ್‌ಪಿಯ ಹಳೆ ಗಾಡಿ ನೋಡ್ತಾ ಇದ್ದೇನೆ. ನೋಡ್ಲಿಕ್ಕೆ ಹೋದಾಗ ಮೊದಲು ಎಂತ ನೋಡಬೇಕು?

ಮೆಕ್ಯಾನಿಕ್: ಹೋದ ಕೂಡಲೇ ಬಾನೆಟ್ ತೆಗೆದು ಎಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ. ಇನ್ನೊಂದು ದಿನ ಬೆಳಿಗ್ಗೆ ಹೋಗಿ. ತಣ್ಣಗಿರುವ ಎಂಜಿನ್ ಗ್ಲೋ ಪ್ಲಗ್‌ಗೆ (ಎಂಜಿನ್ ಒಳಗೆ ಮೊದಲೇ ಬಿಸಿ ಕೊಡುವ ಪ್ಲಗ್) 5–10 ಸೆಕೆಂಡ್ ಕರೆಂಟ್ ಕೊಟ್ಟ ಮೇಲೆ ಎರಡು ಮೂರು ಸುತ್ತು ತಿರುಗುವಷ್ಟರಲ್ಲಿ ಸ್ಟಾರ್ಟ್ ಆಗಬೇಕು. ಮೊದಲು ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಚಿಂತೆ ಇಲ್ಲ. ಬಿಸಿಯಾದ ಮೇಲೂ ನೀಲಿ ಹೊಗೆ ಬರ್ತಾ ಇದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಕಡೆಯಿಂದ ಆಯಿಲ್ ಸುಡ್ತಾ ಉಂಟು. ಎಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲ ಮಾಡಿ ಹಾಗೇ ಮೇಲೆ ಇಡಿ. ಅದು ಕುಣಿದು ಬೀಳುವಷ್ಟು ಗಾಳಿ ಬಂದರೆ ರಿಂಗ್ ಮುಗಿದಿದೆ.

ಆಮೇಲೆ ಗೇರ್ ಬಾಕ್ಸಿನ ಗೇಜ್ ಕಡ್ಡಿ (ಆಯಿಲ್ ಮಟ್ಟ ನೋಡುವ ಕಡ್ಡಿ) ತೆಗೆದು ನೋಡಿ. ಆಯಿಲ್ ಹಾಲು ಹಾಕಿದ ಚಾದ ಹಾಗೆ ಇದ್ದರೆ ಒಳಗೆ ನೀರು ಸೇರಿದೆ. ಕೇಜ್ ವೀಲ್ (ಕಬ್ಬಿಣದ ಪಟ್ಟಿಯ ಚಕ್ರ) ಹಾಕಿ ಗದ್ದೆಯ ಕೆಸರಿನಲ್ಲಿ ಓಡಿದ ಗಾಡಿಗಳಲ್ಲಿ ಇದು ಸಾಮಾನ್ಯ. ಅಂಥದ್ದರಲ್ಲಿ ಮುಂದಿನ ಆಕ್ಸಲ್‌ನ ಸೀಲ್‌ಗಳನ್ನೂ ನೋಡಿ, ಹಬ್ ಸುತ್ತ ಒದ್ದೆ ಮಣ್ಣು ಅಂಟಿಕೊಂಡಿರ್ತದೆ. ಮುಂದಿನ ಆಕ್ಸಲ್ ಜಾಕ್‌ನಲ್ಲಿ ಎತ್ತಿ ಚಕ್ರವನ್ನು ಮೇಲೆ ಕೆಳಗೆ ಅಲ್ಲಾಡಿಸಿ. ಚಕ್ರ ಮಾತ್ರ ಆಡಿದರೆ ಬೇರಿಂಗ್ ಅಥವಾ ಕಿಂಗ್ ಪಿನ್, ಇಡೀ ಆಕ್ಸಲ್ ಹಿಂದೆ ಮುಂದೆ ಆಡಿದರೆ ಸೆಂಟರ್ ಪಿನ್ನಿನ ಬುಶ್.

ಹಿಂದೆ ರೋಟವೇಟರ್ (ಮಣ್ಣು ಕೊಚ್ಚುವ ಸಲಕರಣೆ) ಕಟ್ಟಿ ಎತ್ತಿ, ಎಂಜಿನ್ ಆಫ್ ಮಾಡಿ. ಹತ್ತು ನಿಮಿಷದೊಳಗೆ ನೆಲಕ್ಕೆ ಬಂದರೆ ಹೈಡ್ರಾಲಿಕ್‌ಗೆ (ಆಯಿಲ್ ಒತ್ತಡದಲ್ಲಿ ಎತ್ತುವ ಭಾಗ) ಖರ್ಚು ಉಂಟು. ಎತ್ತಿದ್ದರ ಅಡಿಗೆ ಕೈ ಕಾಲು ಹಾಕಬೇಡಿ. ಪೈಂಟ್ ಹೊಸತು ಅಂತ ಬೆಲೆ ಜಾಸ್ತಿ ಕೊಡಬೇಡಿ.

ನೀರ್ಚಾಲು: ತಗೊಂಡ ಮೇಲೆ ಎಂಜಿನ್‌ಗೆ ಯಾವ ಆಯಿಲ್ ಹಾಕುವುದು ಅಣ್ಣ?

ಮೆಕ್ಯಾನಿಕ್: ನಮ್ಮ ಊರಿನ ಸೆಕೆಗೆ 15ಡಬ್ಲ್ಯು-40 (ಆಯಿಲ್ಲಿನ ದಪ್ಪದ ನಂಬರ್), ಡೀಸೆಲ್ ಎಂಜಿನ್ನಿನದ್ದು. ಹಳೆ ಓನರ್ ಯಾವಾಗ ಬದಲಿಸಿದ್ದೇನೆ ಅಂತ ಹೇಳಿದರೂ ನಂಬಿಕೊಂಡು ಕೂರಬೇಡಿ. ಮನೆಗೆ ತಂದ ವಾರದಲ್ಲೇ ಎಂಜಿನ್ ಆಯಿಲ್, ಅದರ ಫಿಲ್ಟರ್, ಡೀಸೆಲ್ ಫಿಲ್ಟರ್ ಬದಲಿಸಿ. ಏರ್ ಫಿಲ್ಟರ್ ನೋಡಿ, ಗ್ರೀಸ್ ನಿಪ್ಪಲ್‌ಗಳನ್ನು ಒಂದೊಂದಾಗಿ ಹುಡುಕಿ ಗ್ರೀಸ್ ಹೊಡೆಯಿರಿ. ಚಕ್ರದ ನಟ್ ಬಿಗಿ ಮಾಡಿ, ಒಂದು ದಿನದ ಕೆಲಸ ಆದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ. ಗೇರ್ ಬಾಕ್ಸ್, ಹೈಡ್ರಾಲಿಕ್ಕಿನ ಆಯಿಲ್ ಬೇರೆ ಜಾತಿಯದ್ದು. ಬ್ರೇಕಿನ ಪ್ಲೇಟುಗಳೇ ಆಯಿಲ್ಲಿನಲ್ಲಿ ಮುಳುಗಿರುವ ಗಾಡಿಯಾದರೆ ಆ ಬ್ರೇಕಿಗೂ ಆಗುವ ಟ್ರ್ಯಾಕ್ಟರ್ ಟ್ರಾನ್ಸ್‌ಮಿಶನ್ ಆಯಿಲ್ಲೇ ಬೇಕು. ಎಂಜಿನ್ ಆಯಿಲ್ ಅಲ್ಲಿಗೆ ಸುರಿಯಬೇಡಿ.

ಮೀಯಪದವು: ಮೀಟರಿನಲ್ಲಿ 900 ಗಂಟೆ ತೋರಿಸ್ತದೆ. ನಂಬಬಹುದಾ?

ಮೆಕ್ಯಾನಿಕ್: ಕ್ಲಚ್ ಪೆಡಲಿನ ರಬ್ಬರ್, ಸೀಟಿನ ಅಂಚು, ಹಿಂದೆ ಸಲಕರಣೆ ಕಟ್ಟುವ ಲಿಂಕ್ ಪಿನ್ನಿನ ತೂತು ನೋಡಿ. ತೂತು ಮೊಟ್ಟೆಯ ಹಾಗೆ ಉದ್ದವಾಗಿದ್ದರೆ ಅದು 900 ಗಂಟೆಯ ಗಾಡಿ ಅಲ್ಲ.

ಪೆರ್ಲ: ಪುತ್ತೂರು ಕಡೆಯ ಕೆಎ 21 ನಂಬರಿನ ಗಾಡಿ ನೋಡಿದ್ದೇನೆ. ಇಲ್ಲಿ ಓಡಿಸ್ಲಿಕ್ಕೆ ಕಾಸರಗೋಡಿನ ಕೆಎಲ್ 14 ಮಾಡಿಸಲೇಬೇಕಾ?

ಮುಳ್ಳೇರಿಯ: ಎಂತಕ್ಕೆ ಮಾರಾಯ್ರೆ? ಓಡುವುದು ನಿಮ್ಮ ತೋಟದೊಳಗೆ. ಕಾಗದ ಯಾರು ಕೇಳ್ತಾರೆ?

ಉಪ್ಪಳ: ತೋಟದಿಂದ ಇನ್ನೊಂದು ತೋಟಕ್ಕೆ ಹೋಗುವಾಗ ಪಂಚಾಯತ್ ರಸ್ತೆ ದಾಟಬೇಕಲ್ಲ? ಅಲ್ಲಿ ಒಂದು ಸ್ಕೂಟರ್ ತಾಗಿದರೆ ಆಗ ಕಾಗದ ಕೇಳ್ತಾರೆ. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಇಲ್ಲಿಯ ನಂಬರ್ ಮಾಡಿಸಬೇಕು ಅಂತ ಕಾನೂನಲ್ಲೇ ಉಂಟು. ಅಲ್ಲಿಯ ಆರ್‌ಟಿಒ ಕಚೇರಿಯಿಂದ ಫಾರ್ಮ್ 28ರಲ್ಲಿ ಎನ್‌ಒಸಿ (ಆಕ್ಷೇಪ ಇಲ್ಲ ಅಂತ ಪತ್ರ), ಹೆಸರು ಬದಲಿಸ್ಲಿಕ್ಕೆ 29 ಮತ್ತು 30, ಸಾಲ ಇದ್ದ ಗಾಡಿಯಾದರೆ ಬ್ಯಾಂಕಿನ ಪತ್ರದ ಜೊತೆ 35.

ಮುಳ್ಳೇರಿಯ: ಫಾರ್ಮಿನ ನಂಬರ್ ಹೇಳಿದ ಕೂಡಲೇ ಕೆಲಸ ಆಗುದಿಲ್ಲ. ಎರಡು ರಾಜ್ಯದ ಕಚೇರಿಗೆ ತಿರುಗುವುದು ಯಾರು?

ಉಪ್ಪಳ: ತಿರುಗಲಿಕ್ಕೆ ಆಗದಿದ್ದರೆ ಕೆಎಲ್ ನಂಬರಿನದ್ದೇ ತಗೊಳ್ಳಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇರುವಾಗಲೇ ಪೂರ್ತಿ ಹಣ ಕೊಟ್ಟು ಗಾಡಿ ತಂದರೆ ನಷ್ಟ ಮಾರಿದವನಿಗಲ್ಲ, ತಂದವನಿಗೆ.

ಪೆರ್ಲ: ನಾನು ಕೇಳಿದ್ದು ಮೆಕ್ಯಾನಿಕ್ ಅಣ್ಣನಲ್ಲಿ.

ಮೆಕ್ಯಾನಿಕ್: ಉಪ್ಪಳದವರು ಹೇಳಿದ್ದು ಸರಿ. ಆರ್‌ಸಿಯ ಚಾಸಿಸ್ ನಂಬರ್, ಎಂಜಿನ್ ನಂಬರ್ ಗಾಡಿಯ ಮೇಲೆ ಕೊರೆದದ್ದರ ಜೊತೆ ನೀವೇ ಕಣ್ಣಲ್ಲಿ ತಾಳೆ ನೋಡಿ. ಮಣ್ಣು ಇದ್ದರೆ ವೈರ್ ಬ್ರಶ್ಶಿನಲ್ಲಿ ಉಜ್ಜಿ ಓದಿ.

ಬಾಯಾರು: ಅಣ್ಣ, ಮೂರು ವಾರ ಆಯ್ತು 22 ಎಚ್‌ಪಿಯ ಮೂರು ಸಿಲಿಂಡರ್ ಫೋರ್‌ವೀಲ್ (ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತ ಬರುವ ಗಾಡಿ) ತಂದು. ಎಂಜಿನ್ ಆಯಿಲ್ ಕಮ್ಮಿ ಆಗುದೇ ಇಲ್ಲ. ತಂದಾಗ ಗೇಜಿನ ಮೇಲಿನ ಗೆರೆಗೆ ಸರಿ ಇತ್ತು, ಈಗ ಅದಕ್ಕಿಂತ ಒಂದು ಬೆರಳು ಮೇಲೆ ಉಂಟು. ಮಾರಿದವರಲ್ಲಿ ಕೇಳಿದೆ, ಆಯಿಲ್ ಕುಡಿಯದ ಎಂಜಿನ್, ಒಳ್ಳೆಯದು ಅಂದ್ರು. ಹೌದಾ?

ಮೆಕ್ಯಾನಿಕ್: ಬಾಯಾರಿನವರೇ, ಗಾಡಿ ಸ್ಟಾರ್ಟ್ ಮಾಡಬೇಡಿ. ಕೀ ತೆಗೆದು ಒಳಗಿಡಿ, ಮನೆಯವರಿಗೂ ಹೇಳಿ. ಆಯಿಲ್ ತಾನಾಗಿ ಹೆಚ್ಚಾಗುವುದಿಲ್ಲ. ಬೇರೆ ಏನೋ ಅದರೊಳಗೆ ಬರ್ತಾ ಉಂಟು. ಬರಲಿಕ್ಕೆ ಮೂರು ದಾರಿ.

ಒಂದು, ಡೀಸೆಲ್. ಫೀಡ್ ಪಂಪಿನ ಡಯಾಫ್ರಮ್ ಹರಿದರೆ, ಇಂಜೆಕ್ಷನ್ ಪಂಪ್ ಒಳಗೆ ಸವೆದರೆ, ಅಥವಾ ಡೀಸೆಲ್ ಚಿಮುಕಿಸುವ ಒಂದು ನಾಝಲ್ ಮುಚ್ಚದೆ ಸುರಿದರೆ ಡೀಸೆಲ್ ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿಗೆ ಇಳಿಯುತ್ತದೆ. ಆಯಿಲ್ ತೆಳುವಾಗಿ ಬೇರಿಂಗ್ ತಿನ್ನುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದು. ಮಟ್ಟ ಏರಿ ಆ ಮಿಶ್ರಣ ಬ್ರೀದರ್ ಪೈಪಿನಿಂದ (ಎಂಜಿನ್ ಒಳಗಿನ ಗಾಳಿ ಹೊರಬಿಡುವ ಪೈಪ್) ಗಾಳಿಯ ದಾರಿಗೆ ಹೋದರೆ ಎಂಜಿನ್ ಅದನ್ನೇ ಸುಟ್ಟುಕೊಂಡು ತನ್ನಷ್ಟಕ್ಕೆ ಏರುತ್ತಾ ಹೋಗ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ, ಸ್ಟಾಪ್ ಲಿವರ್ ಎಳೆದರೂ ನಿಲ್ಲುವುದಿಲ್ಲ. ಗಾಳಿ ಎಳೆಯುವ ಬಾಯಿಗೆ ದಪ್ಪ ಹಲಗೆ ಒತ್ತಿ ಹಿಡಿದರೆ ನಿಲ್ಲುತ್ತದೆ. ಕೈ ಅಡ್ಡ ಇಡಬಾರದು, ಬಟ್ಟೆ ಇಟ್ಟರೆ ಒಳಗೆ ಎಳೆದುಕೊಳ್ತದೆ.

ಎರಡು, ರೇಡಿಯೇಟರಿನ ನೀರು. ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡಿನ ಅಡಿಯ ಪದರ) ಹೋಗಿದ್ದರೆ ಹೀಗಾಗ್ತದೆ. ಆದರೆ ಆಯಿಲ್ ಹಾಕುವ ಮುಚ್ಚಳದ ಅಡಿಯಲ್ಲಿ ಮಾತ್ರ ಸ್ವಲ್ಪ ಬಿಳಿ ನೊರೆ ಕಂಡರೆ ಗಾಬರಿ ಬೇಡ. ಮಳೆಗಾಲದಲ್ಲಿ ಐದೈದು ನಿಮಿಷ ಓಡಿಸಿ ನಿಲ್ಲಿಸುವ ಗಾಡಿಯಲ್ಲಿ ಎಂಜಿನ್ ಒಳಗೆ ಬೆವತ ನೀರಿಂದಲೂ ಅದು ಬರ್ತದೆ. ಗೇಜ್ ಕಡ್ಡಿಯಲ್ಲೇ ಹಾಲಿನ ಬಣ್ಣ ಕಂಡರೆ ಗ್ಯಾಸ್ಕೆಟ್ ಕಡೆಗೆ ನೋಡಬೇಕು.

ಮೂರು, ಹೈಡ್ರಾಲಿಕ್ ಆಯಿಲ್. ಎಂಜಿನ್ನಿನ ಟೈಮಿಂಗ್ ಗೇರಿನಿಂದಲೇ ತಿರುಗುವ ಹೈಡ್ರಾಲಿಕ್ ಪಂಪ್ ಇರುವ ಗಾಡಿಯಲ್ಲಿ ಪಂಪಿನ ಶಾಫ್ಟ್ ಸೀಲ್ ಹೋದರೆ ಆ ಆಯಿಲ್ ಎಂಜಿನ್ನಿಗೆ ಬರ್ತದೆ.

ಈಗ ಮಾಡಬೇಕಾದ್ದು: ಗಾಡಿ ಸಮ ನೆಲದಲ್ಲಿ ಇರಬೇಕು. ಎಂಜಿನ್ ಗೇಜ್, ಹೈಡ್ರಾಲಿಕ್ ಗೇಜ್ ಎರಡನ್ನೂ ಒರೆಸಿ ಹಾಕಿ ತೆಗೆದು ಮಟ್ಟಕ್ಕೆ ಗುರುತು ಹಾಕಿ. ರೇಡಿಯೇಟರ್ ತಣ್ಣಗಿದ್ದಾಗ ಮುಚ್ಚಳ ತೆಗೆದು ನೀರಿನ ಮಟ್ಟ ನೋಡಿ. ಎಂಜಿನ್ ಆಯಿಲ್ಲಿನ ಒಂದು ಹನಿ ಬ್ಲಾಟಿಂಗ್ ಪೇಪರಿಗೆ ಬಿಡಿ, ಗಂಟೆ ಬಿಟ್ಟು ನೋಡಿ. ನಡುವಿನ ಕಪ್ಪಿನಿಂದ ಆಚೆಗೆ ತಿಳಿ ಎಣ್ಣೆಯ ಅಗಲ ಉಂಗುರ ಹರಡಿದರೆ ಡೀಸೆಲ್. ಇನ್ನೊಂದು ಹನಿ ಬಿಸಿ ಕಾವಲಿಗೆ ಹಾಕಿ, ಚಟಪಟ ಸಿಡಿದರೆ ನೀರು. ಮುಖ ದೂರ ಇರಲಿ. ಅಡುಗೆಯ ಕಾವಲಿ ಬೇಡ, ಹಳೆ ತಗಡು ಸಾಕು. ಒಂದು ಸಣ್ಣ ಗಾಜಿನ ಬಾಟ್ಲಿಯಲ್ಲಿ ಆಯಿಲ್ ತೆಗೆದು ರಾತ್ರಿ ಇಡಿ, ನೀರಿದ್ದರೆ ಬೆಳಿಗ್ಗೆ ಅಡಿಯಲ್ಲಿ ಕೂತಿರ್ತದೆ.

ಕುಂಬಳೆ: ಫಾರ್ವರ್ಡ್ ಬಂದದ್ದು 👇 ರೇಡಿಯೇಟರ್ ಲೀಕಿಗೆ ಎರಡು ಚಮಚ ಅರಿಶಿನ ಪುಡಿ ಹಾಕಿ, ಮೆಕ್ಯಾನಿಕ್ ಖರ್ಚು ಉಳಿಸಿ. ಚಳಿಗೆ ಸ್ಟಾರ್ಟ್ ಆಗದಿದ್ದರೆ ಪೆಟ್ರೋಲ್ ಬಟ್ಟೆ ಏರ್ ಫಿಲ್ಟರ್ ಬಾಯಿಗೆ ಹಿಡಿಯಿರಿ. ಎಲ್ಲರಿಗೂ ತಲುಪಿಸಿ.

ಮೆಕ್ಯಾನಿಕ್: ಯಾರಿಗೂ ತಲುಪಿಸಬೇಡಿ. ಅರಿಶಿನ ಪುಡಿ ಲೀಕಿನ ತೂತನ್ನು ಮಾತ್ರ ಹುಡುಕಿಕೊಂಡು ಹೋಗುವುದಿಲ್ಲ. ರೇಡಿಯೇಟರಿನ ಸಣ್ಣ ಟ್ಯೂಬುಗಳಲ್ಲಿ ಕೂತು ದಾರಿ ಕಟ್ಟುತ್ತದೆ, ಎಂಜಿನ್ ಬಿಸಿಯಾಗಿ ಹೆಡ್ ಬಗ್ಗುತ್ತದೆ. ಎರಡನೆಯದು ಇನ್ನೂ ಕೆಟ್ಟದು. ಗ್ಲೋ ಪ್ಲಗ್ ಕೆಂಪಗೆ ಕಾದಿರುವಾಗ ಪೆಟ್ರೋಲ್ ಆವಿ ಒಳಗೆ ಹೋದರೆ ಪಿಸ್ಟನ್ ಮೇಲೆ ಬರುವ ಮೊದಲೇ ಸಿಡಿಯುತ್ತದೆ. ಪಿಸ್ಟನ್ ಒಡೆಯಬಹುದು, ಬೆಂಕಿ ಹಿಂದಕ್ಕೆ ಹಿಡಿದವನ ಕೈಗೆ ಬರಬಹುದು. ಚಳಿಗೆ ಸ್ಟಾರ್ಟ್ ಆಗದಿದ್ದರೆ ಗ್ಲೋ ಪ್ಲಗ್‌ಗೆ ಕರೆಂಟ್ ಬರ್ತದಾ ಅಂತ ಟೆಸ್ಟ್ ಲೈಟ್ ಇಟ್ಟು ನೋಡಿ, ಬ್ಯಾಟರಿ 12.6 ವೋಲ್ಟ್ ಉಂಟಾ ನೋಡಿ.

ಕುಂಬಳೆ: ನಾನು ಬರೆದದ್ದಲ್ಲ, ಬಂದದ್ದನ್ನು ಹಾಕಿದ್ದು. ಅಷ್ಟು ಸಿಟ್ಟು ಎಂತಕ್ಕೆ?

ಮೆಕ್ಯಾನಿಕ್: ಇಲ್ಲಿ ಓದಿದ್ದನ್ನು ಯಾರಾದರೂ ಮಾಡಿದರೆ ಸುಡುವುದು ಅವರ ಕೈ. ಅದಕ್ಕೆ.

ಸೀತಾಂಗೋಳಿ: ಎಂಜಿನ್ ಆಯಿಲ್ ಯಾವುದು ಹಾಕುವುದು?

ಮೆಕ್ಯಾನಿಕ್: ಮೇಲೆ ಉಂಟು.

ಎಣ್ಮಕಜೆ: ಫೋರ್‌ವೀಲ್ ಹಾಕಿ ಡಾಂಬರು ರಸ್ತೆಯಲ್ಲಿ ಎರಡು ಕಿಲೋಮೀಟರ್ ಬಂದೆವು. ಈಗ ಲಿವರ್ ಹೊರಗೆ ಬರುವುದೇ ಇಲ್ಲ. ಸುತ್ತಿಗೆಯಲ್ಲಿ ಹೊಡೆಯಬಹುದಾ?

ಮೆಕ್ಯಾನಿಕ್: ಹೊಡೆಯಬೇಡಿ. ಫೋರ್‌ವೀಲ್ ಹಾಕಿದಾಗ ಮುಂದಿನ ಚಕ್ರ ಹಿಂದಿನದಕ್ಕಿಂತ ಸ್ವಲ್ಪ ಜಾಸ್ತಿ ಓಡುವ ಹಾಗೆ ಗೇರ್ ಇಟ್ಟಿರ್ತಾರೆ. ಮಣ್ಣಿನಲ್ಲಿ ಆ ವ್ಯತ್ಯಾಸ ಜಾರಿ ಹೋಗ್ತದೆ. ಡಾಂಬರಿನಲ್ಲಿ ಜಾರಲಿಕ್ಕೆ ಜಾಗ ಇಲ್ಲ, ಶಾಫ್ಟುಗಳು ಬಿಗಿಯಾಗಿ ಸುತ್ತಿಕೊಂಡು ಲಿವರ್ ಹಿಡಿದು ಬಿಡ್ತದೆ. ನಿಧಾನ ರಿವರ್ಸ್ ಹೋಗ್ತಾ ಲಿವರ್ ಎಳೆಯಿರಿ. ಬಾರದಿದ್ದರೆ ಮುಂದಿನ ಒಂದು ಚಕ್ರ ಜಾಕ್‌ನಲ್ಲಿ ಎತ್ತಿ. ಹಿಂದಿನ ಚಕ್ರಕ್ಕೆ ಎರಡು ಕಡೆ ಕಲ್ಲು ಕೊಟ್ಟಿರಬೇಕು, ಎತ್ತಿದ ಚಕ್ರ ಫಕ್ಕನೆ ತಿರುಗಬಹುದು, ಹತ್ತಿರ ನಿಲ್ಲಬೇಡಿ.

ಮುಂದಿನ ಟಯರ್ ಬದಲಿಸಿದ ಗಾಡಿಯಾ?

ಎಣ್ಮಕಜೆ: ಹೌದು, ಮುಂದಿನದ್ದು ಎರಡೂ ಹೊಸತು. ಹಿಂದಿನದ್ದು ಹಳೆಯದು. ಸೈಜ್ ಒಂದು ನಂಬರ್ ಬೇರೆ ಉಂಟು, ಚಂದ ಕಾಣ್ತದೆ ಅಂತ ಹಾಕಿದ್ದಂತೆ.

ಮೆಕ್ಯಾನಿಕ್: ಹಾಗಾದರೆ ಅಳೆಯಬೇಕು. ಸಡಿಲ ಮಣ್ಣಿನಲ್ಲಿ, ಹಿಂದಿನ ಒಂದು ಟಯರಿಗೂ ಮುಂದಿನ ಒಂದು ಟಯರಿಗೂ ಚಾಕ್ ಗೆರೆ ಹಾಕಿ. ಫೋರ್‌ವೀಲ್ ತೆಗೆದು ನೇರ ಓಡಿಸಿ, ಹಿಂದಿನದು 10 ಸುತ್ತು ಬರುವಾಗ ಮುಂದಿನದು ಎಷ್ಟು ಸುತ್ತು ಬಂತು ಎಣಿಸಿ, ಕಾಲು ಸುತ್ತನ್ನೂ ಬಿಡಬೇಡಿ. ಫೋರ್‌ವೀಲ್ ಹಾಕಿ ಪುನಃ ಎಣಿಸಿ. ಎರಡರ ವ್ಯತ್ಯಾಸವನ್ನು ಮೊದಲ ಲೆಕ್ಕದಿಂದ ಭಾಗಿಸಿ ನೂರರಿಂದ ಗುಣಿಸಿ. ಒಂದರಿಂದ ಐದು ಶೇಕಡದೊಳಗೆ ಮುಂದಿನದ್ದು ಜಾಸ್ತಿ ಬರಬೇಕು. ಕಮ್ಮಿ ಬಂದರೆ ಅಥವಾ ತುಂಬ ಜಾಸ್ತಿ ಬಂದರೆ ಆ ಟಯರ್ ತೆಗೆಸಿ. ಇಲ್ಲದಿದ್ದರೆ ಮುಂದಿನ ಬೆವೆಲ್ ಗೇರಿನ ಹಲ್ಲು ಹೋಗ್ತದೆ, ಅದು ಟಯರಿಗಿಂತ ದುಬಾರಿ.

ಮುಳ್ಳೇರಿಯ: ಇಷ್ಟೆಲ್ಲ ತಲೆಬಿಸಿ ಯಾಕೆ, ಟಿಲ್ಲರ್ ಸಾಕು ಅಂತ ನಾನು ಮೊದಲೇ ಹೇಳಿದ್ದು. ಒಂಬತ್ತು ಅಡಿ ಸಾಲಿನ ತೋಟಕ್ಕೆ ಟ್ರ್ಯಾಕ್ಟರ್ ತಂದು ಬೇರು ಹರಿಯುವುದು.

ಬದಿಯಡ್ಕ: ಟಿಲ್ಲರ್ ಹಿಡಿದು ನಡೆಯಲಿಕ್ಕೆ ಜನ ಎಲ್ಲಿದ್ದಾರೆ? ನೀವು ಬರ್ತೀರಾ?

ಮುಳ್ಳೇರಿಯ: ತೋಟ ಮಾಡುವವನಿಗೆ ನಡೆಯಲಿಕ್ಕೆ ಆಗದಿದ್ದರೆ ಬೇರೆ ಕೆಲಸ ನೋಡಬೇಕು.

ಉಪ್ಪಳ: 70 ವರ್ಷದವರಲ್ಲಿ ಹೀಗೆ ಹೇಳ್ತೀರಾ? ಮಾತು ಸರಿಯಾಗಿರಲಿ.

ಮೆಕ್ಯಾನಿಕ್: ಜಗಳ ಬಿಡಿ, ಬೇರಿನ ಮಾತು ನಿಜ. ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹೆಚ್ಚು. ಬುಡದಿಂದ ಮೂರು ಅಡಿ ಬಿಟ್ಟು, ರೋಟವೇಟರ್ ಆಳಕ್ಕೆ ಬಿಡದೆ ಮೇಲಿಂದ ಮಾತ್ರ ಹೊಡೆಯಿರಿ. ಇನ್ನು ಮುರಕಲ್ಲಿನ ತಟ್ಟು (ಮೆಟ್ಟಿಲಿನ ಹಾಗೆ ಕಡಿದ ಜಾಗ) ಇರುವ ತೋಟದವರು ಗಮನ ಕೊಡಿ: ತಟ್ಟಿನ ಅಂಚಿನಿಂದ, ಕಣಿಯ (ನೀರು ಹರಿಯುವ ಚರಂಡಿ) ಬದಿಯಿಂದ, ಆ ತಟ್ಟು ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರ ಚಕ್ರ ಇರಬೇಕು. ಮಳೆ ಬಂದ ಮೇಲೆ ಅಂಚು ಮೇಲೆ ಗಟ್ಟಿ ಕಂಡರೂ ಒಳಗೆ ಸಡಿಲ. ಮರದ ದಿಮ್ಮಿ ಎಳೆಯುವಾಗ ಸರಪಳಿ ಡ್ರಾಬಾರಿಗೆ (ಹಿಂದೆ ಕೆಳಗಿರುವ ಎಳೆಯುವ ಪಟ್ಟಿ) ಮಾತ್ರ. ಮೇಲಿನ ಲಿಂಕಿಗೆ ಕಟ್ಟಿದರೆ ಮುಂದಿನ ಚಕ್ರ ಎದ್ದು ಗಾಡಿ ಹಿಂದಕ್ಕೆ ಮಗುಚುತ್ತದೆ, ಹಾರಲಿಕ್ಕೆ ಸಮಯ ಸಿಗುವುದಿಲ್ಲ. ಇಳಿಜಾರಿನಲ್ಲಿ ಕ್ಲಚ್ ಒತ್ತಿ ಇಳಿಯಬೇಡಿ, ಮೊದಲೇ ಸಣ್ಣ ಗೇರ್ ಹಾಕಿ. ರಸ್ತೆಗೆ ಬರುವಾಗ ಎರಡು ಬ್ರೇಕ್ ಪೆಡಲ್ ಸೇರಿಸುವ ಕೊಂಡಿ ಹಾಕಿ.

ಧರ್ಮತ್ತಡ್ಕ: ಪಿಟಿಒಗೆ (ಟ್ರ್ಯಾಕ್ಟರಿನ ಹಿಂದೆ ತಿರುಗುವ ಶಾಫ್ಟ್) ಅಡಿಕೆಗೆ ಬೋರ್ಡೋ ಮದ್ದು ಹೊಡೆಯುವ ಪಂಪ್ ಕೂರಿಸಿದರೆ ಪುಲ್ಲಿ ಎಷ್ಟು ಇಂಚಿನದ್ದು ಬೇಕು?

ಪುತ್ತಿಗೆ: ಆಯಿಲ್ ಯಾವುದು ಅಂತ ಇನ್ನೊಮ್ಮೆ ಹೇಳ್ತೀರಾ ಅಣ್ಣ? ಮೇಲೆ ಹೋಗಿ ಹುಡುಕ್ಲಿಕ್ಕೆ ಆಗುದಿಲ್ಲ.

ಮೆಕ್ಯಾನಿಕ್: 15ಡಬ್ಲ್ಯು-40. ಇನ್ನು ಇದನ್ನು ಕೇಳಬೇಡಿ.

ಬಾಯಾರು: ಅಣ್ಣ, ಗುರುತು ಹಾಕಿ ನೋಡಿದೆ. ರೇಡಿಯೇಟರ್ ನೀರು ಭರ್ತಿ ಉಂಟು. ಪೇಪರಿನಲ್ಲಿ ಉಂಗುರ ಬರಲಿಲ್ಲ, ತಗಡಿನಲ್ಲಿ ಸಿಡಿಯಲಿಲ್ಲ. ಹೈಡ್ರಾಲಿಕ್ ಗೇಜ್ ಮಾತ್ರ ಕೆಳಗಿನ ಗೆರೆಗಿಂತ ಕೆಳಗೆ. ಒಂದು ನಿಮಿಷ ಸ್ಟಾರ್ಟ್ ಮಾಡಿ ಸದ್ದು ಕೇಳಿದೆ, ಲಿಫ್ಟ್ ಎತ್ತುವಾಗ ಕುಂಯ್ ಅಂತದೆ.

ಮೆಕ್ಯಾನಿಕ್: ಸ್ಟಾರ್ಟ್ ಮಾಡಬೇಡಿ ಅಂತ ಬರೆದದ್ದು ಓದಲಿಲ್ಲವಾ? ಡೀಸೆಲ್ ಆಗಿದ್ದರೆ ಆ ಒಂದು ನಿಮಿಷ ಸಾಕಿತ್ತು.

ಇರಲಿ. ಲೆಕ್ಕ ಸರಿ ಕೂಡುತ್ತದೆ: ಅಲ್ಲಿ ಇಳಿದದ್ದು ಇಲ್ಲಿ ಏರಿದೆ. ಪಂಪಿನ ಶಾಫ್ಟ್ ಸೀಲ್. ಹೈಡ್ರಾಲಿಕ್ ಆಯಿಲ್ಲಿನಲ್ಲಿ ನೀರು ಸೇರಿ ಶಾಫ್ಟಿಗೆ ತುಕ್ಕು ಬಂದರೆ ಅದು ಸೀಲಿನ ತುಟಿಯನ್ನು ಉಜ್ಜಿ ತಿನ್ನುತ್ತದೆ. ಪಂಪ್ ಬಿಚ್ಚಿಸಿ. ಸೀಲ್ ಮಾತ್ರ ಬದಲಿಸಿ ಕೂರಿಸಲಿಕ್ಕೆ ಬಿಡಬೇಡಿ. ಮೊದಲು ಶಾಫ್ಟ್ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ ನೋಡಿ. ಆಟ ಇದ್ದರೆ ಒಳಗಿನ ಬುಶ್ ಸವೆದಿದೆ, ಹೊಸ ಸೀಲೂ ನಿಲ್ಲುವುದಿಲ್ಲ, ಪಂಪೇ ಬದಲಿಸಬೇಕು. ಆಟ ಇಲ್ಲದೆ, ಸೀಲ್ ಕೂರುವ ಜಾಗದಲ್ಲಿ ಉಗುರು ಸಿಕ್ಕುವ ಗೆರೆಯೂ ಇಲ್ಲದಿದ್ದರೆ ಸೀಲ್ ಮತ್ತು ಓ ರಿಂಗ್ ಸಾಕು. ಹಳೆ ಸೀಲಿನ ಮೇಲೆ ಮೂರು ಅಳತೆ ಅಚ್ಚಾಗಿರ್ತದೆ: ಶಾಫ್ಟ್, ಹೊರಸುತ್ತು, ದಪ್ಪ. ಅದನ್ನೇ ತೋರಿಸಿ ತನ್ನಿ.

ಕುಂಯ್ ಸದ್ದು ಪಂಪಿಗೆ ಆಯಿಲ್ ಸಾಲದೆ ಬರುವುದು. ಸಕ್ಷನ್ ಜಾಲರಿ ತೆಗೆದು ಡೀಸೆಲ್‌ನಲ್ಲಿ ತೊಳೆಯಿರಿ. ಹೈಡ್ರಾಲಿಕ್ ಆಯಿಲ್ ಪೂರ್ತಿ ಹೊಸತು, ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಹೊಸತು. ಮಿಶ್ರವಾದ ಆಯಿಲ್ ಒಂದು ಲೀಟರೂ ಒಳಗೆ ಉಳಿಸಬೇಡಿ. ಆಮೇಲೆ ಹತ್ತು ಗಂಟೆ ಕೆಲಸ ಆಗುವವರೆಗೆ ದಿನಾ ಬೆಳಿಗ್ಗೆ ಎರಡೂ ಗೇಜ್ ನೋಡಿ.

ಬಾಯಾರು: ಆಯ್ತು ಅಣ್ಣ. ನಾಳೆ ಬಿಚ್ಚಿಸ್ತೇನೆ. ಶಾಫ್ಟಿನ ಫೋಟೋ ಹಾಕಲಾ?

ಮೆಕ್ಯಾನಿಕ್: ಹಾಕಿ. ತೊಳೆದ ಮೇಲೆ, ಹಗಲಿನ ಬೆಳಕಿನಲ್ಲಿ ಹತ್ತಿರದಿಂದ ತೆಗೆದು.

ಧರ್ಮತ್ತಡ್ಕ: ನನ್ನ ಪುಲ್ಲಿಯ ಪ್ರಶ್ನೆ ಉಳೀತು ಅಣ್ಣ.