ಅಪ್‌ಡೇಟ್: ಎಚ್‌ಐವಿ ಮಾತ್ರೆ, ನಿದ್ದೆಗೇಡು ಮತ್ತು ಮಗುವಿನ ಯೋಚನೆ

ಡೊಲುಟೆಗ್ರಾವಿರ್ ಎಂಬ ಎಚ್‌ಐವಿ ಔಷಧ ಇರುವ ಮಾತ್ರೆಗೆ ಬದಲಾದಂದಿನಿಂದ ನಿದ್ದೆಯಿಲ್ಲ, ನಮಗೆ ಮಗು ಬೇಕು, ಇದು ಗರ್ಭಕ್ಕೆ ಕೆಡುಕೇ ಎಂದು ಎರಡು ವಾರದ ಹಿಂದೆ ಇಲ್ಲಿ ಕೇಳಿದ್ದೆ.

ಫಲಿಸಿದ್ದು, ರಾತ್ರಿಯ ಬದಲು ಬೆಳಿಗ್ಗೆ ನುಂಗಿ ಎಂದ ಅಕ್ಕನ ಸಲಹೆ. ರಾಯಚೂರಿನಲ್ಲಿ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ವೈದ್ಯರೂ ಒಪ್ಪಿದರು. ಈಗ ಮಂಡಕ್ಕಿ ಒಗ್ಗರಣೆ ತಿಂದು ಎಂಟಕ್ಕೆ ನುಂಗುತ್ತೇನೆ. ಐದನೆಯ ರಾತ್ರಿಯಿಂದ ಗಾಢ ನಿದ್ದೆ. ಬಿಸಿ ಹಾಲು, ಗಸಗಸೆ ಪಾಯಸ ಏನೂ ಮಾಡಲಿಲ್ಲ, ಪಾಯಸ ಮಾತ್ರ ರುಚಿಯಾಗಿತ್ತು. ನಾಲ್ಕು ದಿನ ಮಾತ್ರೆ ಬಿಟ್ಟು ನೋಡಿ ಎಂದವರೇ, ದಯವಿಟ್ಟು ಯಾರಿಗೂ ಹಾಗೆ ಹೇಳಬೇಡಿ. ಬಿಟ್ಟರೆ ವೈರಸ್ ಮತ್ತೆ ತಲೆಯೆತ್ತುತ್ತದೆ.

ಗರ್ಭದ ಭಯಕ್ಕೆ ಮೂಲ 2018ರಲ್ಲಿ ಬೋಟ್ಸ್ವಾನಾದಿಂದ ಬಂದ ಎಚ್ಚರಿಕೆಯಂತೆ: ಶಿಶುವಿನ ನರನಾಳದ ದೋಷ (ಮಿದುಳು, ಬೆನ್ನುಹುರಿ ಸರಿಯಾಗಿ ರೂಪುಗೊಳ್ಳದಿರುವುದು) ಹೆಚ್ಚಬಹುದು ಎಂದು. ಇನ್ನಷ್ಟು ಹೆರಿಗೆಗಳ ಲೆಕ್ಕ ಸೇರಿದಾಗ ಆ ಅನುಮಾನ ಕರಗಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಗು ಬಯಸುವ ವಯಸ್ಸಿನವರಿಗೂ ಇದನ್ನೇ ಮೊದಲ ಆಯ್ಕೆಯಾಗಿ ಹೇಳಿತು. ವೈದ್ಯರು ನನಗೆ ಫೋಲಿಕ್ ಆಮ್ಲವನ್ನು ಈಗಲೇ ಶುರು ಮಾಡಿಸಿದ್ದಾರೆ.

ನನಗೆ ಗೊತ್ತೇ ಇರದಿದ್ದ ಸಂಗತಿ ಇನ್ನೊಂದು. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳನ್ನು ಖಾಲಿ ಹೊಟ್ಟೆಯಲ್ಲಿ ಇದರ ಜೊತೆ ನುಂಗಿದರೆ ಡೊಲುಟೆಗ್ರಾವಿರ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಊಟದೊಂದಿಗಾದರೆ ಒಟ್ಟಿಗೆ ನಡೆಯುತ್ತದೆ. ಇಲ್ಲವಾದರೆ ಇದನ್ನು ನುಂಗಿ ಎರಡು ಗಂಟೆ ಬಿಟ್ಟು ಅವು. ನಾನು ಮೂರನ್ನೂ ಒಂದೇ ಗುಟುಕಿಗೆ ನುಂಗುತ್ತಿದ್ದೆ!